ಬುಗರಿಯ ಕೌದಿ

‘ನೀವೇನೂ ಮುಟ್ಟಬ್ಯಾಡ್ರಿ ಅತ್ತಿ, ಸಂಜೀಕ ನಾ ಬಂದು ಎಲ್ಲಾ ಮಾಡ್ತೀನಿ’ ಎಂದು ಹೇಳಿ ಅಂಜನಾ ಯಾದಗಿರಿಯ ಬಸ್ಸು ಹಿಡಿಯಲು ಹೋದ ಮೇಲೆ ಆ ಮಾತು ಮಾತ್ರ ಮನೆಯಲ್ಲೇ ಉಳಿದುಕೊಂಡು ಮಲ್ಲಾಬಾಯಿಯ ಹಿಂದಿಂದೆ ಓಡಾಡತೊಡಗಿತು. ಅಡುಗೆಮನೆಗೆ ಹೋದರೆ ಅಡುಗೆಮನೆಗೆ ಬರುತ್ತಿತ್ತು, ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾದು ನಿಲ್ಲುತ್ತಿತ್ತು. ಸೊಸೆ ಅದನ್ನು ಸಿಡುಕಿ ಹೇಳಿದ್ದರೆ ತಾನೂ ಎರಡು ಮಾತು ತಿರುಗಿಸಿ ಕೊಟ್ಟು ಹಗುರಾಗಬಹುದಿತ್ತು. ಅವಳು ಹೇಳಿದ್ದು ಚಪ್ಪಲಿ ಮೆಟ್ಟುತ್ತ, ನಕ್ಕು, ಹೆಗಲ ಚೀಲ ಸರಿಮಾಡಿಕೊಳ್ಳುತ್ತ. ಊಟಕ್ಕೆ ಬಂದ ದೂರದ ನೆಂಟರಿಗೆ ತಾಟು ತೊಳೆಯಬೇಡಿ ಎನ್ನುವ ಹಾಗೆ. ಮದುವೆಯಾಗಿ ಈ ಮನೆಗೆ ಬಂದವಳು ಅವಳು, ಆದರೆ ಪಡಸಾಲೆಯ ನಡುವೆ ನೆಂಟಳ ಹಾಗೆ ನಿಂತವಳು ತಾನು. ಮುಟ್ಟಬಾರದ್ದು ಕಿಟಕಿಯ ಕೆಳಗೆ, ಹೊಲಿಗೆ ಮಷಿನ್ನಿನ ಮುಚ್ಚಳದ ಮೇಲೆ, ಒಂದು ಪಂಜರದಲ್ಲಿತ್ತು. ಅಂಜನಾ ತವರಿನಿಂದ ಪಾತ್ರೆ, ಕಪಾಟು, ಫೋಮಿನ ಗಾದಿಯ ಜೊತೆಗೆ ತಂದುಕೊಂಡಿದ್ದ ಹ್ಯಾಮ್‌ಸ್ಟರ್, ಇಲಿಯ ಜಾತಿಯ ಸಾಕುಪ್ರಾಣಿ. ಹೆಸರು ಬುಗರಿ. ಹುರಿದ ಶೇಂಗಾದ ಬಣ್ಣ, ನಿಂಬೆಹಣ್ಣಿಗಿಂತ ತುಸು ದೊಡ್ಡ ಮೈ, ಬಾಲದ ಜಾಗದಲ್ಲಿ ಹೆಸರಿಗೊಂದು ಮೊಳಕೆ. ಹಗಲೆಲ್ಲ ಮಲಗಿ, ಹೊತ್ತು ಇಳಿಯಿತೆಂದರೆ ಎದ್ದು ಗಾಲಿಯೊಳಗೆ ನಿಂತು ಓಡುತ್ತಿತ್ತು, ಎಲ್ಲಿಗೂ ಹೋಗುತ್ತಿರಲಿಲ್ಲ. ಅದರ ಹಾಸಿಗೆಗೆಂದು ಹಾಕುವ ಮರದ ಹೊಟ್ಟು ತೀರಿಹೋಗಿತ್ತು. ಉಳಿದದ್ದು ಒದ್ದೆಯಾಗಿ ಒಂದು ಮೂಲೆಗೆ ಸರಿದು ನಾರುತ್ತಿತ್ತು. ಅಂಜನಾ ಮೇಷ್ಟ್ರುಗಳ ತರಬೇತಿ ಮುಗಿಸಿ ಬರುವಾಗ ಯಾದಗಿರಿಯಲ್ಲಿ ಮೀನು, ಬಣ್ಣದ ಹಕ್ಕಿ ಮಾರುವ ಅಂಗಡಿಯಿಂದ ಹೊಸದು ತರುವವಳಿದ್ದಳು. ಅಲ್ಲಿಯ ತನಕ, ಮುಟ್ಟಬ್ಯಾಡ್ರಿ.

‘ಆಕಿ ಹೇಳಿದ್ದರಾಗ ತಪ್ಪೇನದ?’ ಎಂದು ಗಂಡ ಸಾಬಣ್ಣ ಬೋನಾಳದ ಹೊಲಕ್ಕೆ ಹೊರಡುವಾಗ ಬುತ್ತಿಯ ಗಂಟು ಎತ್ತಿಕೊಳ್ಳುತ್ತ ಅಂದಿದ್ದ. ‘ನಿನ್ನ ಹೆಸರು ಕೇಳಿದ್ರ ಈ ಓಣ್ಯಾಗಿನ ಇಲಿ ರಂಗಂಪೇಟಿ ದಾಟಿ ಓಡ್ತಾವ. ಪೋರಿ ಅಂಜೂದು ಖರೇನ ಅದ.’

ಅದು ಖರೆಯೇ. ಜೋಳದ ಚೀಲದ ಹಿಂದೆ ಸರಕ್ಕೆಂದರೆ ಸಾಕು, ಮಲ್ಲಾಬಾಯಿಯ ಕೈಗೆ ಕಸಬರಿಗೆ ಎಲ್ಲಿಂದ ಬರುತ್ತಿತ್ತೋ ಅವಳಿಗೇ ತಿಳಿಯುತ್ತಿರಲಿಲ್ಲ. ಒಂದೇ ಏಟು, ಆಮೇಲೆ ಬಾಲ ಹಿಡಿದು ಓಣಿಯ ಆಚೆ ಎಸೆದು, ಕೈ ತೊಳೆದು, ಮರುಗಳಿಗೆಯಲ್ಲೇ ರೊಟ್ಟಿ ಬಡಿಯಲು ಕೂರುತ್ತಿದ್ದಳು. ಆ ಕೈಯನ್ನೇ ಈಗ ತಿರುಗಿಸಿ ನೋಡಿಕೊಂಡಳು. ಆದರೆ ಅಂಜನಾ ಹೆದರಿದ್ದು ಈ ಕೈಗಲ್ಲ, ಬಾಯಿಗೆ ಎಂದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಮದುವೆಯ ಹಂದರ ಇಳಿಸಿದ ಹೊಸತರಲ್ಲಿ ಪಕ್ಕದ ಮನೆಯ ಕುಬ್ರಾಬೇಗಂಳ ಕಟ್ಟೆಯ ಮೇಲೆ ಓಣಿಯ ಹೆಂಗಸರೆಲ್ಲ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದಾಗ, ಯಾರೋ ಸೊಸೆ ಏನೇನು ತಂದಿದ್ದಾಳೆಂದು ಕೇಳಿದರು. ‘ಎಲ್ಲಾರ ಸೊಸ್ತ್ಯಾರು ಫ್ರಿಜ್ ತರ್ತಾರ, ನಮ್ಮಾಕಿ ಇಲಿ ತಂದಾಳ. ಇನ್ನ ಬೀಗರು ಬೆಕ್ಕು ಯಾವಾಗ ಕೊಟ್ಟು ಕಳಸ್ತಾರ ನೋಡ್ಬೇಕು’ ಎಂದಳು ಮಲ್ಲಾಬಾಯಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ನಗಿಸಿದೆನಲ್ಲ ಎಂದು ತನಗೂ ಹಿಗ್ಗಾಗಿ ತಿರುಗಿದರೆ ಬೆನ್ನ ಹಿಂದೆ ಅಂಜನಾ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರಿಗೂ ಕಪ್ಪು ಕೊಟ್ಟು, ಕೊನೆಯದನ್ನು ಅತ್ತೆಯ ಕೈಗಿಟ್ಟು ಒಳಗೆ ಹೋದಳು. ಚಹಾಕ್ಕೆ ಸಕ್ಕರೆ ಸರಿಯಾಗೇ ಇತ್ತು. ಅವತ್ತಿನಿಂದ ಈ ಮನೆಯಲ್ಲಿ ಎಲ್ಲವೂ ಹಾಗೆ ಸರಿಯಾಗೇ ಇತ್ತು.

ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೇ, ಎಂದುಕೊಂಡು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೋಡಿದ ಮೇಲೆ ಎದ್ದು ಬರುವುದಾಗಲಿಲ್ಲ. ಬುಗರಿ ನಾರುವ ಮೂಲೆಯಿಂದ ದೂರ ಸರಿದು ಬರಿಯ ತಗಡಿನ ಮೇಲೆ ಮೂಗನ್ನು ಹೊಟ್ಟೆಗೆ ತುರುಕಿಕೊಂಡು ಮಲಗಿತ್ತು. ನಿದ್ದೆಯಲ್ಲೇ ಮುಂಗಾಲಿನಿಂದ ತಗಡನ್ನು ಕೆರೆಯುತ್ತಿತ್ತು; ಇಲ್ಲದ ಹಾಸಿಗೆಯನ್ನು ಮೈಮೇಲೆ ಎಳೆದುಕೊಳ್ಳುವ ಹಾಗೆ. ಮಲ್ಲಾಬಾಯಿಯ ಎಡಗೆನ್ನೆ ಚುರುಗುಟ್ಟಿತು. ಈ ಮನೆಗೆ ತಾನು ಬಂದ ದಿನ ಇದ್ದ ಕೌದಿಗಳೆಲ್ಲ ಮದುವೆಗೆ ಬಂದ ಬೀಗರ ಪಾಲಾಗಿ, ಅತ್ತೆ ಅವಳಿಗೆ ಬೀಸುವ ಕಲ್ಲಿನ ಪಕ್ಕ ಗೋಣಿತಟ್ಟು ಹಾಸಿಕೊಟ್ಟಿದ್ದಳು. ಬೆಳಗ್ಗೆ ಕೆನ್ನೆಯ ಮೇಲೆ ಗೋಣಿಯ ನೇಯ್ಗೆ ಎದ್ದು ಕಂಡು ನಾದಿನಿಯರು ‘ವೈನಿ ಮಾರಿ ಮ್ಯಾಲ ಚೀಲದ ಛಾಪ ಬಿದ್ದದ, ಸಂತಿಗೆ ಹಾಕ್ರಿ’ ಎಂದು ನಕ್ಕಿದ್ದರು. ಆಗ ಅವಳೂ ಅವರ ಜೊತೆ ನಕ್ಕಿದ್ದಳು. ತನ್ನ ಮನೆಗೆ ಬರುವವಳನ್ನು ಗೋಣಿಯ ಮೇಲೆ ಮಲಗಿಸುವುದಿಲ್ಲ ಎಂದು ಆ ನಗುವಿನ ಒಳಗೇ ಅಂದುಕೊಂಡಿದ್ದಳು. ಈಗ ನೋಡಿದರೆ ಬರಿಯ ತಗಡು. ಇಲಿಯಾದರೇನು, ಅದೂ ತವರು ಬಿಟ್ಟು ಬಂದದ್ದೇ.

ಹಿತ್ತಾಳೆಯ ಚರಿಗೆಯನ್ನು ಅಡ್ಡ ಹಿಡಿದು ಅದನ್ನು ಹೇಗೋ ಒಳಗೆ ಉರುಳಿಸಿಕೊಂಡಳು. ಅದು ಚರಿಗೆಯ ತಳದಿಂದ ಕಣ್ಣು ಬಿಟ್ಟು, ನಿದ್ದೆ ಕೆಡಿಸಿದ ಮುದುಕನ ಹಾಗೆ ಅವಳನ್ನು ನೋಡಿತು. ಪಂಜರ ತೊಳೆದು ಬಿಸಿಲಿಗಿಟ್ಟು ಹಾಸಿಗೆ ಹುಡುಕಲು ಹೊರಟಳು. ಹಿತ್ತಲಲ್ಲಿ ಭತ್ತದ ಹೊಟ್ಟಿತ್ತು. ಒಂದು ಹಿಡಿ ತಂದು ಮಣಿಕಟ್ಟಿನ ಒಳಮೈಗೆ ಒತ್ತಿ ನೋಡಿಕೊಂಡಳು. ಕೌದಿಗೆ ಬಟ್ಟೆ ಆರಿಸುವಾಗ ಅವಳು ಯಾವಾಗಲೂ ಹಾಗೇ ನೋಡುವುದು. ಹೊಟ್ಟಿನ ತುದಿ ಚುಚ್ಚಿತು. ತೊಗರಿಯ ಹೊಟ್ಟು ಮೆತ್ತಗಿತ್ತು, ಆದರೆ ಜಾಡಿಸಿದರೆ ಮೋಡದ ಹಾಗೆ ಧೂಳೆದ್ದು ಮೊದಲು ಅವಳು ಸೀನಿದಳು, ಆಮೇಲೆ ಚರಿಗೆಯೊಳಗಿಂದ ಸಾಸಿವೆ ಸಿಡಿದಷ್ಟು ಸಣ್ಣದೊಂದು ಸೀನು ಕೇಳಿತು. ಇಲಿ ಸೀನುತ್ತದೆಂದು ಇಷ್ಟು ವರ್ಷ ಅವಳಿಗೆ ಗೊತ್ತೇ ಇರಲಿಲ್ಲ. ಅವಕ್ಕೆ ಸೀನಲು ಅವಳು ಪುರುಸೊತ್ತು ಕೊಟ್ಟಿದ್ದರಲ್ಲವೆ. ಕೊನೆಗೆ ತಲೆದಿಂಬಿನ ಹೊಲಿಗೆ ಬಿಚ್ಚಿ ಹತ್ತಿ ತೆಗೆದಳು. ತಮ್ಮದೇ ಹೊಲದ ಹತ್ತಿ. ಇದಕ್ಕಿಂತ ಮೆತ್ತನೆಯದು ಭೂಮಿಯ ಮೇಲೆ ಏನಿದೆ? ಪಂಜರದ ತುಂಬ ಹಿಂಜಿ ಹರಡಿ ಬುಗರಿಯನ್ನು ಬಿಟ್ಟಾಗ ಅದು ಒಳಗೆ ಈಜಿಕೊಂಡು ಹೋಗಿ ಮಾಯವಾಯಿತು. ಮಲ್ಲಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನೋಡವ್ವಾ ಅಂಜನಾ, ಮುಟ್ಟಬ್ಯಾಡ ಅಂದಿ.

ಒಲೆಯ ಮೇಲಿನ ಸಾರು ಇಳಿಸಿ ಬರುವಷ್ಟರಲ್ಲಿ ಹತ್ತಿಯ ರಾಶಿ ಗಡಗಡ ನಡುಗುತ್ತಿತ್ತು. ಸರಿಸಿ ನೋಡಿದರೆ ಹತ್ತಿಯ ಎಳೆ ಬುಗರಿಯ ಹಿಂಗಾಲಿಗೆ ಸುತ್ತಿ ಸುತ್ತಿ, ಅದು ಎಳೆದಷ್ಟೂ ದಾರವಾಗಿ ಬಿಗಿಯುತ್ತಿತ್ತು. ಪಾದ ನೆನೆದ ಹೆಸರುಕಾಳಿನಂತೆ ಉಬ್ಬಿತ್ತು. ಸಂಜೆ ಬಸ್ಸಿನಿಂದ ಇಳಿಯುವವಳಿಗೆ ಏನು ಹೇಳುವುದು? ಮೆತ್ತಗಿರಲೆಂದು ಹಾಕಿದೆ ಎಂದರೆ ಯಾರು ನಂಬುತ್ತಾರೆ, ಅದೂ ತನ್ನನ್ನು? ಕೌದಿಯ ಸೂಜಿ ತಂದು, ಕನ್ನಡಕ ಏರಿಸಿ, ಅದನ್ನು ಎಡಗೈಯಲ್ಲಿ ಹಿಡಿದು ಒಂದೊಂದೇ ಎಳೆ ಎತ್ತಿ ಕಡಿಯತೊಡಗಿದಳು. ಬುಗರಿ ಅವಳ ತೋರುಬೆರಳನ್ನು ಕಚ್ಚಿತು. ‘ಕಚ್ಚು, ಕಚ್ಚು, ನಿಂದು ಹಕ್ಕದ’ ಎಂದಳು. ಕೈ ಮಾತ್ರ ಸಡಿಲಿಸಲಿಲ್ಲ. ಅಂಗೈಯಲ್ಲಿ ಅದರ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಅದು ಅದರದೋ ತನ್ನದೋ ತಿಳಿಯದಾಯಿತು. ಕೊನೆಯ ಎಳೆ ಬಿಟ್ಟಾಗ ಅದು ಕಾಲನ್ನು ಒಮ್ಮೆ ಝಾಡಿಸಿ, ಏನೂ ಆಗಿಯೇ ಇಲ್ಲವೆಂಬಂತೆ ಮೀಸೆ ತಿಕ್ಕಿಕೊಂಡಿತು.

ಹತ್ತಿ ಬೇಡ. ಅಂದರೆ ಎಳೆ ಬಿಡದ ಹಾಗೆ ಹೊಲಿದ ಹಾಸಿಗೆ ಬೇಕು. ಅಂದರೆ ಕೌದಿ. ಇಷ್ಟು ಹೊತ್ತು ಇದು ಹೊಳೆಯದೇ ಹೋಯಿತಲ್ಲ ಎಂದು ಅವಳಿಗೆ ನಗೆ ಬಂತು. ಸುರಪುರದಲ್ಲಿ ಮಲ್ಲಾಬಾಯಿ ಹೊಲಿದ ಕೌದಿಯ ಮೇಲೆ ಮಲಗದ ಮನೆ ಅವಳ ಓಣಿಯಲ್ಲಂತೂ ಇರಲಿಲ್ಲ. ಹಳೆಯ ಧೋತರ, ಕುಬುಸದ ತುಂಡುಗಳ ಗಂಟು ಬಿಚ್ಚಿಕೊಂಡು ಅಂಗಳದ ನೆರಳಿಗೆ ಕೂತು, ಅಂಗೈಯಗಲದ ಪದರ ಜೋಡಿಸಿ, ಅಂಚಿನಿಂದ ಸಣ್ಣ ಸಣ್ಣ ಟಾಕಿ ಹೊಲಿಯುತ್ತ, ಸುತ್ತು ಹಾಕುತ್ತ ನಡುವಿಗೆ ಬರತೊಡಗಿದಳು. ಕೈ ತನ್ನ ಪಾಡಿಗೆ ನಡೆದರೆ ಮನಸ್ಸು ಒಳಕೋಣೆಯ ಟ್ರಂಕಿನ ಕಡೆಗೆ ಹೋಯಿತು. ಅದರ ತಳದಲ್ಲಿ ಇನ್ನೊಂದು ಕೌದಿ ಇತ್ತು. ಮಗ ಹಣಮೇಶನಿಗೆ ನಾರಾಯಣಪುರದ ಡ್ಯಾಮಿನ ಆಫೀಸಿನಲ್ಲಿ ನೌಕರಿಯಾದಾಗ ಶುರುಮಾಡಿ, ಲಗ್ನ ನಿಕ್ಕಿಯಾದಾಗ ನಡುವಿಗೆ ಬಂದು, ಇನ್ನು ಕೊನೆಯ ತುಂಡು ಕೂಡಿಸಿದರೆ ಆಯಿತು ಎನ್ನುವಾಗ ಬೀಗರ ಟೆಂಪೋದಿಂದ ಫೋಮಿನ ಗಾದಿ ಇಳಿದಿತ್ತು. ಬೆಣ್ಣೆಯ ಬಣ್ಣದ್ದು, ಪ್ಲಾಸ್ಟಿಕ್ ಸುತ್ತಿದ್ದು, ಕೂತರೆ ಆಳಾಗಿ ಎದ್ದರೆ ತಾನೇ ಏಳುವಂಥದ್ದು. ಓಣಿಯವರು ಸರದಿಯಲ್ಲಿ ಬಂದು ಒತ್ತಿ ಒತ್ತಿ ನೋಡಿದ್ದರು. ಅದರ ಮುಂದೆ ತನ್ನ ಹಳೇ ಸೀರೆಯ ತುಂಡುಗಳು ನೆಲ ಒರೆಸುವ ಅರಿವೆಯ ಹಾಗೆ ಕಂಡು, ಯಾರ ಕಣ್ಣಿಗೂ ಬೀಳುವ ಮೊದಲೇ ಮಡಚಿ ಟ್ರಂಕಿಗೆ ಹಾಕಿ ಬೀಗ ಜಡಿದಿದ್ದಳು. ಬಹುಶಃ ಕಟ್ಟೆಯ ಮೇಲಿನ ಆ ನಗೆಮಾತು ಹುಟ್ಟಿದ್ದು ಇಲಿಯಿಂದ ಅಲ್ಲ, ಆ ಗಾದಿಯಿಂದ. ಗಾದಿಯನ್ನು ಹಂಗಿಸಲು ಬರುವುದಿಲ್ಲವಲ್ಲ.

ಸಣ್ಣ ಕೌದಿ ನಡುವಿಗೆ ಬಂತು. ಅವಳು ಎದ್ದು ನಿನ್ನೆ ಅಮಾವಾಸ್ಯೆಗೆ ಮಾಡಿದ ಹೋಳಿಗೆಯಿಂದ ಉಗುರಿನಷ್ಟು ಮುರಿದು ತಂದಳು. ಕೌದಿಯ ಕೊನೆಯ ತುಂಡು ಮುಚ್ಚುವಾಗ ಒಳಗೆ ಹೋಳಿಗೆಯ ಚೂರೋ ಬೆಲ್ಲದ ರೊಟ್ಟಿಯೋ ಇಟ್ಟು ಅದರ ಹೊಟ್ಟೆ ತುಂಬಿಸಬೇಕು. ಹಸಿದ ಕೌದಿಯ ಮೇಲೆ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ. ಅವಳವ್ವ ಹಾಗೇ ಮಾಡುತ್ತಿದ್ದಳು, ಅವಳೂ ಹಾಗೇ ಮಾಡುತ್ತ ಬಂದಿದ್ದಳು. ಯಾರಿಗಾಗಿ ಹೊಲಿಯುತ್ತಿದ್ದೇನೆ ಎಂಬುದು ಆ ಗಳಿಗೆಯಲ್ಲಿ ಅವಳ ಕೈಗೆ ನೆನಪೇ ಆಗಲಿಲ್ಲ.

‘ಯಾ ಅಲ್ಲಾ, ಎಷ್ಟು ಸಣ್ಣ ಕೌದಿ!’ ಎಂದು ಗೋಡೆಯ ಮೇಲಿಂದ ದನಿ ಬಂತು. ಕುಬ್ರಾಬೇಗಂ ಬಟ್ಟೆ ಒಣಹಾಕಲು ಬಂದವಳು ಗೋಡೆಗೆ ಗದ್ದ ಊರಿ ನಿಂತಿದ್ದಳು. ‘ಮಲ್ಲಾಬಾಯಿ! ಏನಿದು? ಹೊಟ್ಟಿ ಬ್ಯಾರೆ ತುಂಬ್ಸಾಕತ್ತೀದಿ! ಅಂಜನಾಗ...?’

ಈ ಕಡೆ ಸಣ್ಣ ಕೌದಿ ಹೊಲಿಯುವುದು ಒಂದೇ ಕಾರಣಕ್ಕೆ, ಹುಟ್ಟುವ ಕೂಸಿಗೆ. ಮಲ್ಲಾಬಾಯಿ ಬಾಯಿ ತೆರೆದಳು. ಇಲ್ಲ ಆಪಾ, ಇಲಿಗೆ, ಎನ್ನಬೇಕಿತ್ತು. ಆದರೆ ಇಲಿಯ ಮಾತು ಆಡಿ ನಗಿಸಿದ್ದು ಇದೇ ಕುಬ್ರಾಳನ್ನು, ಇದೇ ಬಾಯಿಂದ. ಅವಳು ಸೂಜಿಗೆ ದಾರ ಪೋಣಿಸುವಂತೆ ತಲೆ ತಗ್ಗಿಸಿದಳು. ಸೂಜಿಯಲ್ಲಿ ದಾರ ಇದ್ದೇ ಇತ್ತು.

‘ನಾಚಿಗಿ ನೋಡು ಅತ್ತಿಗೆ! ಆತು ಆತು, ಬಾಯಿ ಬಿಡಬ್ಯಾಡ, ನನಗ ತಿಳೀತು. ಮುಬಾರಕ್!’ ಎಂದು ಕುಬ್ರಾಬೇಗಂ ಒದ್ದೆ ಬಟ್ಟೆಯ ಬುಟ್ಟಿಯನ್ನು ಅಲ್ಲೇ ಬಿಟ್ಟು ಮಾಯವಾದಳು.

ಒಂದು ಮಾತು ಆಡಿ ಸೊಸೆಯ ಮಾರಿ ಸಣ್ಣದು ಮಾಡಿದ್ದಾಗಿತ್ತು. ಈಗ ಒಂದು ಮಾತು ಆಡದೆ ಅವಳ ಹೊಟ್ಟೆಗೆ ಕೂಸು ತುಂಬಿದ್ದಾಯಿತು. ಹೋಗಿ ಹೇಳಿಬಿಡಬೇಕು, ಈಗಲೇ, ಎಂದುಕೊಳ್ಳುತ್ತಲೇ ಮಲ್ಲಾಬಾಯಿ ಕೊನೆಯ ತುಂಡು ಮುಚ್ಚಿ ಗಂಟು ಹಾಕಿದಳು. ಇದನ್ನು ಹಾಸಿ ಹೋಗುತ್ತೇನೆ. ಅಡುಗೆ ತೆಗೆದಿಟ್ಟು ಹೋಗುತ್ತೇನೆ. ಕಣ್ಣಿಗೆ ತುಸು ಜೋಂಪು ಹತ್ತಿದ ಹಾಗಾಗಿದೆ, ಎದ್ದು ಹೋಗುತ್ತೇನೆ. ಎದ್ದಾಗ ಬಿಸಿಲು ಕೆಂಪಾಗಿತ್ತು, ಪಂಜರದಲ್ಲಿ ಕರ್ರ್ ಕರ್ರ್ ಎಂದು ಸದ್ದಾಗುತ್ತಿತ್ತು. ಬುಗರಿ ಕೌದಿಯ ಮೇಲೆ ಮಲಗಿರಲಿಲ್ಲ. ಅಂಚು ಬಿಟ್ಟು, ಮೂಲೆ ಬಿಟ್ಟು, ನೆಟ್ಟಗೆ ನಡುವಿಗೆ ಹೋಗಿ ಹೊಟ್ಟೆ ಬಗೆದು, ಹೋಳಿಗೆಯನ್ನು ಗಲ್ಲಕ್ಕೆ ತುಂಬಿಕೊಂಡು ಕೂತಿತ್ತು. ಒಂದು ಕಡೆಯ ಗಲ್ಲ ಹಲ್ಲುನೋವಿನವರ ಹಾಗೆ ಬಾತಿತ್ತು. ಕೌದಿಯ ನಟ್ಟನಡುವೆ ಅದರ ತಲೆಯಷ್ಟೇ ದೊಡ್ಡ ತೂತು. ಇಲಿಯ ಹಾಸಿಗೆಯೊಳಗೆ ಹೋಳಿಗೆ ಇಟ್ಟು ಹೊಲಿದ ಹೆಂಗಸು ಈ ಜಿಲ್ಲೆಯಲ್ಲಿ ಇನ್ನೊಬ್ಬಳು ಇದ್ದಾಳೆಯೆ? ಮಲ್ಲಾಬಾಯಿ ನೆಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಒಬ್ಬಳೇ ನಕ್ಕಳು. ನಗು ನಿಂತ ಮೇಲೂ ಹೊರಗೆ ಒಂದು ಸದ್ದು ನಿಂತಿರಲಿಲ್ಲ. ಸರ್ರ್, ಸರ್ರ್. ಕುಬ್ರಾಳ ಗಂಡ, ಬಡಗಿ ನಸೀರುದ್ದೀನ ಮರ ನಯಮಾಡುವ ರಂದಾ ಹೊಡೆಯುತ್ತಿದ್ದ. ಈ ಹೊತ್ತಿನಲ್ಲಿ ಅವನು ಕೆಲಸಕ್ಕೆ ಕೂರುವವನಲ್ಲ. ಏನು ಮಾಡುತ್ತಿದ್ದಾನೆಂದು ಅವಳಿಗೆ ತಟ್ಟನೆ ತಿಳಿಯಿತು. ಶಹಾಪುರದ ಮೇಲೆ ಬರುವ ಯಾದಗಿರಿ ಬಸ್ಸಿನ ಹೊತ್ತೂ ಅದೇ. ತೂತು ಬಿದ್ದ ಕೌದಿಯನ್ನು ಎಳೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು.

ಕಟ್ಟೆಯ ಮೇಲೆ ಅದೇ ಹೆಂಗಸರು ಕೂತಿದ್ದರು. ಬೇವಿನ ನೆರಳಲ್ಲಿ ಹಲಗೆಯೊಂದನ್ನು ಕಾಲಲ್ಲಿ ಒತ್ತಿಹಿಡಿದ ನಸೀರುದ್ದೀನನ ಸುತ್ತ ಮರದ ಸುರುಳಿಗಳು ಬೆಳ್ಳಗೆ ಗುಡ್ಡೆಯಾಗಿದ್ದವು.

‘ಬರ್ರಿ ಮಲ್ಲಾಬಾಯಿ’ ಎಂದ ಅವನು. ‘ತೊಟ್ಟಿಲು ಮಾತ್ರ ನಂದೇ. ತವರಿನವರು ತರ್ತೀವಿ ಅಂದ್ರ ಬ್ಯಾಡ ಅಂತ ಹೇಳ್ರಿ.’

‘ನಸೀರಣ್ಣ, ರಂದಾ ನಿಲ್ಸು.’

‘ಯಾಕ್ರಿ?’

‘ಕೂಸಿಲ್ಲ ಏನಿಲ್ಲ. ಕೌದಿ ಹೊಲಿದಿದ್ದು ಇಲಿಗೆ.’

ರಂದಾ ನಿಂತಿತು. ‘ಯಾ ಇಲಿಗೆ?’ ಎಂದಳು ಕುಬ್ರಾಬೇಗಂ.

‘ನಮ್ಮನಿ ಇಲಿಗೆ. ಅಂಜನಾನ ಬುಗರಿಗೆ. ಬರೇ ತಗಡಿನ ಮ್ಯಾಲ ಮಲಗಿತ್ತು ಆಪಾ, ನೋಡಾಕ ಆಗ್ಲಿಲ್ಲ.’

‘ಮತ್ತ ನಾ ಕೇಳಿದಾಗ ಗುಮ್ಮನಂಗ ಕುಂತ್ಯಲ್ಲ?’

‘ನಾಚಿಗಿ ಬಂತು. ಸೊಸಿ ಇಲಿ ತಂದಾಳ ಅಂತ ಇಲ್ಲೇ ಕುಂತು ನಗಿಸಿದಾಕಿ ನಾ. ಅದಕ್ಕ ಕೌದಿ ಹೊಲಿಯಾಕತ್ತೇನಿ ಅಂತ ಯಾವ ಬಾಯಿಲೆ ಹೇಳ್ಲಿ? ಅವತ್ತು ಆಡಿದ್ದೂ ಛಲೋ ಆಗ್ಲಿಲ್ಲ, ಇವತ್ತು ಆಡದಿದ್ದದ್ದೂ ಛಲೋ ಆಗ್ಲಿಲ್ಲ. ಆಕಿ ಬಂದ್ರ ಯಾರೂ ಏನೂ ಅನಬ್ಯಾಡ್ರಿ. ನಗೂದಿದ್ರ ಈಗ ನನ್ನ ನೋಡಿ ನಕ್ಕುಬಿಡ್ರಿ.’ ಅವಳು ಕೌದಿಯನ್ನು ಎತ್ತಿ ಹಿಡಿದಳು. ತೂತಿನೊಳಗಿಂದ ಸಂಜೆಯ ಬಿಸಿಲು ಬಂದು ಅವಳ ಮುಖದ ಮೇಲೆ ಬಿತ್ತು. ‘ಹೊಟ್ಟಿ ತುಂಬ್ಸಿದ್ದೆ. ಹೊಟ್ಟೀನ ತಿಂದದ.’

ಅವರು ನಕ್ಕರು. ಕುಬ್ರಾಬೇಗಂ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆದರೆ ಎಲ್ಲರಿಗಿಂತ ಜೋರಿನ ನಗು ಮಲ್ಲಾಬಾಯಿಯ ಬೆನ್ನ ಹಿಂದಿನಿಂದ ಬಂತು, ಮೊದಲು ಕೆಮ್ಮಿನ ಹಾಗೆ ಶುರುವಾಗಿ. ತಿರುಗಿದರೆ ಅಂಜನಾ ಬರಿಗೈಯಲ್ಲಿ ನಿಂತಿದ್ದಳು. ಅವಳ ಚೀಲ ಹಿಂದೆ ಬರುತ್ತಿದ್ದ ಓಣಿಯ ಜ್ಯೋತಿಯ ಹೆಗಲ ಮೇಲಿತ್ತು.

‘ಬಸ್ ಸ್ಟ್ಯಾಂಡಿನಾಗ ಜ್ಯೋತಿ ಅಕ್ಕ ಭಾರ ಎತ್ತಬ್ಯಾಡ ಅಂತ ಚೀಲ ಕಸಗೊಂಡಳು’ ಎಂದಳು ಅಂಜನಾ ಉಸಿರು ಹಿಡಿಯುತ್ತ. ‘ಯಾಕಂತ ಕೇಳಿದ್ರ ಹೇಳವಲ್ಲಳು, ಬರೇ ನಗ್ತಾಳ. ದಾರಿ ತುಂಬ ನನಗ ಏನಾಗ್ಯಾದ ಅಂತ ವಿಚಾರ ಮಾಡಿ ಮಾಡಿ ಸಾಕಾತು.’

‘ಹಂಗಾರ ತಗೋ ನಿನ್ನ ಚೀಲ!’ ಎಂದು ಜ್ಯೋತಿ ಧೊಪ್ಪನೆ ಇಳಿಸಿದಳು. ‘ಕಲ್ಲು ತುಂಬ್ಯಾರೇನೋ ಅನ್ಸಿತ್ತು ನನಗ.’

ಅಂಜನಾ ಅತ್ತೆಯ ಮುಖವನ್ನು ನೋಡಲಿಲ್ಲ. ಬಾಗಿ ನೆಲದ ಮೇಲಿನ ಮರದ ಸುರುಳಿಯೊಂದನ್ನು ಎತ್ತಿ ಮೂಸಿದಳು. ‘ಯಾದಗಿರ್ಯಾಗ ಅಂಗಡಿ ಮುಚ್ಚಿತ್ತು, ಹೊಟ್ಟು ಸಿಗ್ಲಿಲ್ಲ. ಇದು ಯಾ ಮರ ಚಾಚಾ? ಎಣ್ಣಿ ಗಿಣ್ಣಿ ಹಚ್ಚೀರೇನು?’

‘ಮಾವಿಂದು. ನಿನ್ನ ಕೂಸಿಗೆ ಅಂತ ಮಾಡಿದ್ದವ್ವ, ಎಣ್ಣಿ ಯಾಕ ಹಚ್ಚಲಿ? ಒಯ್ಯಿ. ಹಲಗಿ ಇಟ್ಟಿರ್ತೀನಿ, ಮುಂದ ಬೇಕಾಗ್ತದ.’

ಮಲ್ಲಾಬಾಯಿ ಸುರುಳಿಗಳನ್ನು ಮಣಿಕಟ್ಟಿಗೆ ಒತ್ತಿ ನೋಡಿ, ಧೂಳು ಝಾಡಿಸಿ, ಸೆರಗಿನ ತುಂಬ ಕಟ್ಟಿಕೊಂಡಳು.

ಬುಗರಿ ಹೊಸ ಹಾಸಿಗೆಯೊಳಗೆ ತಲೆಯೂರಿ ಸುರಂಗ ತೋಡುವುದನ್ನು ಇಬ್ಬರೂ ಪಂಜರದ ಆಚೆ ಈಚೆ ಕೂತು ನೋಡಿದರು. ಕೌದಿಯ ದಾರವೂ ಕಾಲಿಗೆ ಸುತ್ತಿಕೊಳ್ಳಬಹುದೆಂದು ಅಂಜನಾ ಅದನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಿದ್ದಳು. ಹತ್ತಿಯ ವಿಷಯವನ್ನೂ ಹೇಳಿಬಿಟ್ಟಳು ಮಲ್ಲಾಬಾಯಿ; ಒಂದೇ ದಿನಕ್ಕೆ ಇಷ್ಟಾದ ಮೇಲೆ ಅದೊಂದನ್ನು ಯಾಕೆ ಉಳಿಸಿಕೊಳ್ಳುವುದು. ಅಂಜನಾ ಸುರುಳಿಗಳೊಳಗೆ ಕೈಹಾಕಿ ಬುಗರಿಯನ್ನು ತೆಗೆದು, ತಿರುಗಿಸಿ, ಕಾಲು ನೋಡಿದಳು. ಆಮೇಲೆ ಅದನ್ನು ಮತ್ತೆ ಪಂಜರದೊಳಗೆ ಬಿಟ್ಟಳು.

‘ಕಚ್ಚಲಿಲ್ಲೇನು ನಿಮಗ?’

‘ಕಚ್ತು.’ ಮಲ್ಲಾಬಾಯಿ ಬೆರಳು ತೋರಿಸಿದಳು.

‘ನನಗೂ ಮೊದಲ ದಿನ ಇಲ್ಲೇ ಕಚ್ಚಿತ್ತು’ ಎಂದು ಅಂಜನಾ ತನ್ನ ಬೆರಳು ತೋರಿಸಿದಳು. ಆಮೇಲೆ ಮಡಿಲಿನ ಕೌದಿಯ ತೂತಿನೊಳಗೆ ಅದೇ ಬೆರಳನ್ನು ತೂರಿಸಿ ಆಡಿಸುತ್ತ, ‘ನಮ್ಮಜ್ಜಿ ಹೇಳ್ತಿದ್ಳು, ಸುರಪುರದಾಗ ನಿಮ್ಮತ್ತಿ ಕೌದಿ ಭಾರಿ ಹೊಲೀತಾಳಂತ, ನಿನಗೊಂದು ಕೊಡ್ತಾಳ ನೋಡು ಅಂತ. ಓಣಿ ಮಂದಿಗೆಲ್ಲಾ ಹೊಲಿದೀರಿ. ಈಗ ಇಲಿಗೂ ಹೊಲಿದ್ರಿ’ ಎಂದಳು. ನಗುತ್ತಲೇ ಹೇಳಿದಳು, ಆದರೆ ಇದು ಬೆಳಗಿನ ನಗು ಆಗಿರಲಿಲ್ಲ.

ಮಲ್ಲಾಬಾಯಿ ಎದ್ದು ಒಳಕೋಣೆಗೆ ಹೋದಳು. ಟ್ರಂಕಿನ ಬೀಗ ತುಸು ಸತಾಯಿಸಿತು. ಹರಡಿದ ಕೌದಿ ಪಡಸಾಲೆಯ ಗೋಡೆಯಿಂದ ಗೋಡೆಗೆ ಬಂತು. ಅವಳು ತುಂಡುಗಳನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು: ಇದು ನನ್ನ ಲಗ್ನದ ಇಳಕಲ್ಲು, ಇದು ನಮ್ಮತ್ತೀದು, ಇದು ಹಣಮೇಶ ಕೂಸಿದ್ದಾಗಿನ ಕುಂಚಿಗಿ. ನಟ್ಟನಡುವೆ ಒಂದು ತುಂಡಿನ ಜಾಗ ಬಾಯಿ ತೆರೆದುಕೊಂಡಿತ್ತು.

‘ಇದಕ್ಕೂ ಇವನೇ ತೂತು ಹಾಕ್ಯಾನೇನು?’ ಎಂದಳು ಅಂಜನಾ.

‘ಇಲ್ಲ. ಅದು ನಾನ ಬಿಟ್ಟಿದ್ದು. ನಿಮ್ಮ ಗಾದಿ ನೋಡಿ ಕೈ ಓಡ್ಲಿಲ್ಲ.’

‘ಆ ಗಾದಿ ಮ್ಯಾಲ ಬೆನ್ನು ಹೊತ್ತಿ ಉರೀತದ ಅತ್ತಿ. ನಿಮ್ಮ ಮಗ ನೆಲಕ್ಕ ಮಲಗ್ತಾರ, ಕೇಳ್ರಿ ಬೇಕಾದ್ರ.’ ಅಂಜನಾ ಅಡುಗೆಮನೆಗೆ ಹೋಗಿ ಹೋಳಿಗೆಯ ಚೂರು ತಂದು ಬಾಯಿ ತೆರೆದ ಜಾಗದಲ್ಲಿಟ್ಟಳು. ಒಂದು ಗಳಿಗೆ ಅನುಮಾನಿಸಿದಳು. ‘ಇವನಿಗೆ ವಾಸನಿ ಹತ್ತಿದ್ರ?’

‘ಹತ್ಲಿ ಬಿಡು. ಕಡಿದ್ರ ಮತ್ತ ಹೊಲಿಯೂಣು.’

‘ಕೊನೀ ತುಂಡು ನಾ ಹೊಲೀತೀನಿ, ಹ್ಯಾಂಗಂತ ಹೇಳ್ರಿ. ಅಲ್ಲಿತನ ಇವನ್ನ ಹಿಡ್ಕೋರಿ’ ಎಂದು ಅಂಜನಾ ಬುಗರಿಯನ್ನು ಪಂಜರದಿಂದ ತೆಗೆದು ಅತ್ತೆಯ ಬಲಗೈಯೊಳಗೆ ಇಟ್ಟು ಸೂಜಿ ಕೈಗೆತ್ತಿಕೊಂಡಳು. ಕಸಬರಿಗೆ ಹಿಡಿಯುವ ಕೈ ಅದು. ಬುಗರಿ ಒಮ್ಮೆ ಮೂಸಿ, ಬೆರಳುಗಳ ನಡುವೆ ಎರಡು ಸುತ್ತು ತಿರುಗಿ, ಹೋಳಿಗೆ ತುಂಬಿದ ಗಲ್ಲವನ್ನು ಹೆಬ್ಬೆರಳಿನ ಬುಡಕ್ಕೆ ಆನಿಸಿ ಕೂತಿತು. ಮಲ್ಲಾಬಾಯಿ ಉಸಿರನ್ನೂ ಮೆಲ್ಲಗೆ ಬಿಟ್ಟಳು.

‘ಬಿಗಿ ಹಿಡೀಬ್ಯಾಡ್ರಿ ಮತ್ತ.’

‘ನನಗ ಗೊತ್ತದ’ ಎಂದು ಗದರಿದಳು ಮಲ್ಲಾಬಾಯಿ, ಸೊಸೆ ಮನೆಗೆ ಬಂದಂದಿನಿಂದ ಮೊದಲ ಸಲ, ಬಾಯಿ ತುಂಬ. ‘ಟಾಕಿ ಸಣ್ಣದು ಹಾಕು, ಎಮ್ಮಿ ಹಲ್ಲಿನಂಗ ಹಾಕಬ್ಯಾಡ.’